ನಾಲ್ಕರಲ್ಲಿ ಮೂರು ಲೀಟರ್

ಸಾಗರ ಎಂಬ ಹೆಸರು ನಮ್ಮೂರಿಗೆ ಬಂದದ್ದು ಸಮುದ್ರದಿಂದಲ್ಲ, ಕೆರೆಯಿಂದ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆಗೆ ಸದಾಶಿವ ಸಾಗರ ಎಂಬ ಹೆಸರಿತ್ತು. ಕೆರೆ ಈಗ ಗಣಪತಿ ಕೆರೆಯಾಗಿದೆ, ಸಾಗರ ಪೇಟೆಯ ಹೆಸರಾಗಿ ಉಳಿದುಕೊಂಡಿದೆ. ನಿಜವಾದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು, ಶರಾವತಿ ಎಲ್ಲಿ ಸೇರುತ್ತಾಳೋ ಆ ಹೊನ್ನಾವರಕ್ಕೇ ಹೋಗಬೇಕು. ಆದರೆ ತಾಳಗುಪ್ಪದ ದಾರಿಯಲ್ಲಿ, ಅಡಿಕೆ ತೋಟದ ನೆತ್ತಿಯ ಮೇಲಿರುವ ಒಂದು ಹೆಂಚಿನ ಮನೆಯಲ್ಲಿ ಈಗ ಇನ್ನೂರು ಲೀಟರ್ ಸಮುದ್ರ ಇದೆ. ಅದು ನನ್ನ ದೊಡ್ಡಪ್ಪನ ಮಗನದು. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನ ಜೊತೆ ಊರಿಗೇ ತಂದುಕೊಂಡ ಅಣ್ಣ, ಹಿಂದೆಯೇ ಒಂದು ಗಾಜಿನ ತೊಟ್ಟಿಯನ್ನೂ ತಂದ. ಅದರಲ್ಲಿ ಮೆದು ಹವಳಗಳಿವೆ, ಎರಡು ಕಿತ್ತಳೆ ಬಣ್ಣದ ಮೀನುಗಳಿವೆ.

ಅವನಿಗೆ ಬೇಕಾಗಿದ್ದದ್ದು ಒಂದು ಸಲಹೆ. ನೀರು ಶುದ್ಧ ಮಾಡುವ ಯಂತ್ರ ಯಾವುದು ತೆಗೆದುಕೊಳ್ಳಲಿ? ಮೂರು ಯಂತ್ರಗಳ ವಿವರ, ಬೆಲೆ ಎಲ್ಲ ಕಳಿಸಿದ. ಕೊನೆಗೆ, "ಮಡಿ–ಮೈಲಿಗೆ ಅಂತ ನಾಲ್ಕು ವರ್ಷದಿಂದ ಥೀಸಿಸ್ ಬರೀತಾ ಇದ್ದೀಯಲ್ಲ ಮಾರಾಯ್ತಿ, ಇದೊಂದು ಹೇಳು" ಎಂದ. ತಮಾಷೆಗೆ ಹೇಳಿದ್ದು. ಕನ್ನಡ ಗದ್ಯದಲ್ಲಿ ಶುದ್ಧಿಯ ಕಲ್ಪನೆ ಕುರಿತು ಸಂಶೋಧನೆ ಮಾಡುವವಳಿಗೆ ಮೆಂಬ್ರೇನಿನ ವಿಚಾರ ಏನು ಗೊತ್ತು? ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶುದ್ಧ ನೀರು ಎಂದರೆ ಯಾರಿಗೆ ಶುದ್ಧ, ತೆಗೆದು ಹಾಕಿದ್ದು ಯಾರ ಪಾಲಿಗೆ ಹೋಯಿತು ಎಂದು ಪುಸ್ತಕಗಳ ನಡುವೆ ಕೇಳಿಕೊಳ್ಳುವುದು ಬೇರೆ, ಒಂದು ಪೈಪಿನ ಎರಡು ತುದಿ ಹಿಡಿದು ಕೇಳಿಕೊಳ್ಳುವುದು ಬೇರೆ.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ. ಮಲೆನಾಡಿನ ಅಬ್ಬಿ ನೀರನ್ನು ಶುದ್ಧ ಮಾಡುವುದೇ? ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ನೀರು ಅದು. ಹಿಂದೆ ಅಡಿಕೆ ಮರ ಸೀಳಿ, ತಿರುಳು ತೆಗೆದು ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಅಣ್ಣನ ಹತ್ತಿರ ಇರುವ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ 38 ತೋರಿಸುತ್ತದೆ. ಅಂದರೆ ಲೀಟರಿಗೆ ಸುಮಾರು 38 ಮಿಲಿಗ್ರಾಂ ಕರಗಿದ ಲವಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 500. ಬೆಂಗಳೂರಿನ ಬೋರ್‌ವೆಲ್ ನೀರು ಕುಡಿದು ಬಂದ ನೆಂಟರು ಇಲ್ಲಿ ಬಚ್ಚಲಿನಲ್ಲಿ ಸೋಪು ಹೋಗುವುದೇ ಇಲ್ಲ ಎನ್ನುತ್ತಾರಲ್ಲ, ಅಷ್ಟು ಮೆದು ನೀರು.

ಆದರೆ ಸಮುದ್ರದ ತೊಟ್ಟಿಗೆ ಒಂದು ವಿಚಿತ್ರ ಗುಣ ಇದೆ. ಅದರಿಂದ ನೀರು ಆವಿಯಾಗಿ ಹೋಗುತ್ತದೆ, ನೀರಿನಲ್ಲಿದ್ದದ್ದು ಹೋಗುವುದಿಲ್ಲ. ದಿನಕ್ಕೆ ಮೂರು ಲೀಟರ್ ಆರಿದರೆ ಮೂರು ಲೀಟರ್ ಸಿಹಿನೀರು ಸೇರಿಸಬೇಕು, ಇಲ್ಲದಿದ್ದರೆ ಉಪ್ಪು ಏರುತ್ತದೆ. ಸೇರಿಸಿದ ನೀರಿನಲ್ಲಿ ಏನಿದೆಯೋ ಅದು ಅಲ್ಲೇ ಕೂಡುತ್ತಾ ಹೋಗುತ್ತದೆ. ಲೆಕ್ಕ ಹಾಕಿದೆ: ದಿನಕ್ಕೆ ಮೂರು ಲೀಟರ್, ಲೀಟರಿಗೆ 38 ಮಿಲಿಗ್ರಾಂ, ವರ್ಷಕ್ಕೆ ಸುಮಾರು 42 ಗ್ರಾಂ. ಹೆದರುವಂಥ ಮೊತ್ತವಲ್ಲ. ಲೀಟರಿಗೆ 35 ಗ್ರಾಂ ಉಪ್ಪಿರುವ ಆ ತೊಟ್ಟಿಯಲ್ಲಿ ಆಗಲೇ ಏಳು ಕಿಲೋ ಉಪ್ಪು ಕರಗಿದೆ. ಹೆದರಬೇಕಾದದ್ದು ಆ 42 ಗ್ರಾಂ ಏನು ಎಂಬುದಕ್ಕೆ. ಸಿಲಿಕಾ ಇದ್ದರೆ ಗಾಜಿಗೆ ಕಂದು ಪಾಚಿ, ಫಾಸ್ಫೇಟ್ ಇದ್ದರೆ ಹಸಿರು ಪಾಚಿ. ತಾಮ್ರ ಇದ್ದರೆ ಹವಳ ಸಾಯುತ್ತದೆ. ಟಿಡಿಎಸ್ ಮೀಟರ್ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಎಂಬುದನ್ನು ಮಾತ್ರ. ಎಷ್ಟು ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ.

ತಾಮ್ರದ ಮಾತು ಬಂದಾಗ ದೊಡ್ಡಮ್ಮನಿಗೆ ನಗು ಬಂತು. ರಾತ್ರಿ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿದೇ ಎಪ್ಪತ್ತು ದಾಟಿದವರು ಅವರು. ದೇವರ ತೀರ್ಥವೂ ತಾಮ್ರದ ಬಟ್ಟಲಿನಲ್ಲೇ. ಮಾನಕದ ಲೆಕ್ಕದಲ್ಲಿ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ದಾಟದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೂ ನಡೆಯುತ್ತದೆ. ಬೆನ್ನೆಲುಬಿಲ್ಲದ ಸಮುದ್ರಜೀವಿಗಳಿಗೆ ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಸಾಕು, ಕೆಲಸ ಮುಗಿಯುತ್ತದೆ. ಮೀನಿನ ಮೈಮೇಲಿನ ಪರೋಪಜೀವಿ ಕೊಲ್ಲಲು ಅಕ್ವೇರಿಯಂನವರು ತಾಮ್ರದ ಔಷಧಿಯನ್ನೇ ಬಳಸುತ್ತಾರೆ, ಆದರೆ ಹವಳ ಇರುವ ತೊಟ್ಟಿಯ ಹತ್ತಿರಕ್ಕೂ ಆ ಸೀಸೆ ತರುವುದಿಲ್ಲ.

ಈ ಊರುಗಳಲ್ಲಿ ತಾಮ್ರ ಎಲ್ಲಿಂದ ಬರಬೇಕು ಎಂದು ಘಟ್ಟದ ಆಚೆಯವರು ಕೇಳಬಹುದು. ಮಳೆಗಾಲದಲ್ಲಿ ನಾವು ಅದನ್ನು ಮರ ಹತ್ತಿ ಸಿಂಪಡಿಸುತ್ತೇವೆ. ಅಡಿಕೆಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು: ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಕಾರಣ ಕಂಡುಹಿಡಿದು ಈ ದ್ರಾವಣವನ್ನು ತೋಟಗಳಿಗೆ ತಂದವರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷದಿಂದ, ಪ್ರತಿ ಮಳೆಗಾಲ ಎರಡು ಸಲ, ಮಳೆ ಬಿಡದಿದ್ದರೆ ಮೂರು ಸಲ, ಈ ನೀಲಿ ನೀರು ತೋಟದ ಮೇಲೆ ಬೀಳುತ್ತಲೇ ಇದೆ. ನನ್ನ ಓದಿನ ಫೀಸು ಬಂದದ್ದೂ ಅದು ಉಳಿಸಿಕೊಟ್ಟ ಅಡಿಕೆಯಿಂದಲೇ. ಅಣ್ಣನ ಅಬ್ಬಿಯ ಮೇಲ್ಭಾಗದಲ್ಲಿ ಇನ್ನೊಬ್ಬರ ತೋಟ ಇದೆ. ಹೀಗಾಗಿ 38 ಎಂಬ ಅಂಕಿಯನ್ನು ನಂಬಿ ಕೂರುವಂತಿಲ್ಲ, ಯಂತ್ರ ಬೇಕು.

ಯಂತ್ರದ ಒಳಗೆ ನಡೆಯುವುದು ಇಷ್ಟು. ಕೆಸರು ಹಿಡಿಯುವ ಫಿಲ್ಟರ್, ಕ್ಲೋರಿನ್ ಹಿಡಿಯುವ ಇದ್ದಿಲು, ಆಮೇಲೆ ಒತ್ತಡದಿಂದ ನೀರನ್ನು ಒಂದು ತೆಳು ಪೊರೆಯ ಮೂಲಕ ನುಗ್ಗಿಸುವ ಆರ್‌ಒ, ಕೊನೆಗೆ ಅದೂ ಬಿಟ್ಟ ಚೂರುಪಾರನ್ನು ಹಿಡಿದುಕೊಳ್ಳುವ ಡಿಐ ರೆಸಿನ್. ಹೊರಗೆ ಬರುವ ನೀರಿನಲ್ಲಿ ಮೀಟರ್ ಸೊನ್ನೆ ತೋರಿಸಬೇಕು. ಆ ಸೊನ್ನೆಗೆ ಪಾಕೀಟಿನ ಉಪ್ಪು ಕಲಸಿ ಸಮುದ್ರ ಮಾಡುತ್ತಾರೆ. ಎಲ್ಲವನ್ನೂ ತೆಗೆದು, ಮತ್ತೆ ಎಲ್ಲವನ್ನೂ ಹಾಕುವ ಕೆಲಸ. ಕೆಲಸಕ್ಕೆ ಬರುವಂಥ ಪೊರೆಯನ್ನು ಮೊದಲು ಮಾಡಿದವರು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್. ಅವರ ಗುರಿ ಸಮುದ್ರದ ನೀರನ್ನು ಸಿಹಿ ಮಾಡುವುದಾಗಿತ್ತು. ಅದೇ ಪೊರೆಯಿಂದ ಈಗ ನಮ್ಮಣ್ಣ ಸಿಹಿನೀರನ್ನು ಸಮುದ್ರ ಮಾಡಲು ಹೊರಟಿದ್ದಾನೆ!

ಪೊರೆಗೆ ಎರಡು ಬಾಯಿ. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಪೊರೆ ದಾಟಲಾಗದ ಲವಣವನ್ನು ತೊಳೆದುಕೊಂಡು ಹೋಗುವ ನೀರು. ಅಣ್ಣ ನೋಡಿದ ಯಂತ್ರಗಳಲ್ಲಿ ಒಂದಕ್ಕೆ ಮೂರು ಲೆಕ್ಕ: ನಾಲ್ಕು ಲೀಟರ್ ಒಳಗೆ ಹೋದರೆ ಒಂದು ಲೀಟರ್ ತೊಟ್ಟಿಗೆ, ಮೂರು ಲೀಟರ್ ಹೊರಗೆ. ಆ ಎರಡನೇ ಪೈಪಿನ ಮೇಲೆ 'ಡ್ರೇನ್' ಎಂದು ಚೀಟಿ ಅಂಟಿಸಿರುತ್ತದೆ. ಆವಿಗೆ ವಾರಕ್ಕೆ 21 ಲೀಟರ್, ವಾರವಾರ ಬದಲಿಸುವ 20 ಲೀಟರ್, ಒಟ್ಟು ವರ್ಷಕ್ಕೆ ಎರಡು ಸಾವಿರದ ನೂರು ಲೀಟರ್ ಶುದ್ಧ ನೀರು. ಹೊರಗೆ ಹೋಗುವುದು ಆರು ಸಾವಿರದ ಮೇಲೆ. ಒಂದು ಟ್ಯಾಂಕರ್.

ಇಲ್ಲಿ ದೊಡ್ಡಮ್ಮ ಮತ್ತೆ ಬಂದರು. ಪರೀಕ್ಷೆಗೆಂದು ಒಂದು ದಿನ ಸ್ನೇಹಿತನೊಬ್ಬನ ಯಂತ್ರ ಜೋಡಿಸಿದ್ದಾಗ ಆ ಎರಡನೇ ಪೈಪು ಅಂಗಳದ ಚರಂಡಿಗೆ ಬಿದ್ದಿತ್ತು. "ಇಷ್ಟು ಚೊಲೋ ನೀರನ್ನ ಎಂತಕ್ಕೆ ಚೆಲ್ತೆ ತಮಾ?" ಎಂದು ಅವರು ಕೊಡಪಾನ ತಂದು ಅದರ ಕೆಳಗಿಟ್ಟರು. ನಾನು ಆ ಕೊಡಪಾನಕ್ಕೆ ಮೀಟರ್ ಅದ್ದಿದೆ: 51. ಆಶ್ಚರ್ಯ ಏನಿಲ್ಲ, ನಾಲ್ಕು ಲೀಟರಿನ ಲವಣ ಮೂರು ಲೀಟರಿಗೆ ಬಂದರೆ ಅಷ್ಟೇ ಆಗಬೇಕು. ಆದರೆ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. 'ಡ್ರೇನ್' ಎಂದು ಹೆಸರಿಟ್ಟ ಈ ನೀರಿನ ಲವಣ ಕುಡಿಯುವ ನೀರಿನ ಮಿತಿಯ ಸುಮಾರು ಹತ್ತನೇ ಒಂದು ಭಾಗದಷ್ಟೇ. ಅದು ಕೊಳಕಾದದ್ದು ಕರಗಿದ ವಸ್ತುವಿನಿಂದಲ್ಲ, ಬಂದ ಬಾಯಿಯಿಂದ.

ನನ್ನ ಥೀಸಿಸ್ಸಿನ ಒಂದು ಅಧ್ಯಾಯ ಇದೇ ಮಾತನ್ನು ಹೇಳಲು ಒದ್ದಾಡುತ್ತಿದೆ. 1927ರ ಮಾರ್ಚ್‌ನಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಅವರ ಸಂಗಾತಿಗಳು ಕೈಯಾರೆ ತೆಗೆದು ಕುಡಿದರು. ಆಮೇಲೆ ಊರಿನ ಮೇಲ್ಜಾತಿಯವರು ಆ ಕೆರೆಯನ್ನು 'ಶುದ್ಧ' ಮಾಡಿದರು. ಹೇಗೆ? ಗಡಿಗೆ ಗಡಿಗೆ ಹಾಲು, ಮೊಸರು, ಸಗಣಿ, ಗಂಜಲ ಸುರಿದು. ಆ ದಿನ ಯಾರ ಕೈಯಲ್ಲಾದರೂ ಅಣ್ಣನ ಪೆನ್ನಿನಂಥ ಮೀಟರ್ ಇದ್ದಿದ್ದರೆ, ಶುದ್ಧಿಯಾದ ಮೇಲೆ ಅಂಕಿ ಏರಿರುತ್ತಿತ್ತು. ಮೀಟರಿಗೆ ಜಾತಿ ಗೊತ್ತಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಮೀಟರ್ ಹಿಡಿದ ನಾವು ಪೈಪಿಗೆ ಚೀಟಿ ಅಂಟಿಸುವಾಗ ಹಳೆಯ ಅಭ್ಯಾಸವನ್ನೇ ಮುಂದುವರಿಸುತ್ತೇವೆ: ಇದು ಒಳಗಿನದು, ಅದು ಹೊರಗಿನದು. ಮಹಾಡ್‌ನಲ್ಲಿ ಹೊರಗಿಟ್ಟದ್ದು ಮನುಷ್ಯರನ್ನು, ಇಲ್ಲಿ ನೀರನ್ನು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪಾಗುತ್ತದೆ, ಹಾಕುತ್ತಿಲ್ಲ. ಒಂದು ವಸ್ತು ಕಸ ಎನ್ನಿಸಿಕೊಳ್ಳಲು ಅದರಲ್ಲಿ ಕಸ ಇರಲೇಬೇಕೆಂದಿಲ್ಲ ಎಂಬಷ್ಟು ಮಾತ್ರ ಎರಡಕ್ಕೂ ಸಮಾನ.

ಎಲ್ಲ ಊರಲ್ಲೂ ಹೀಗಲ್ಲ. ಇದೇ ಪೊರೆ ಕೋಲಾರದಲ್ಲೋ ಪಾವಗಡದಲ್ಲೋ ಇದ್ದರೆ ಅದರ ಅರ್ಥವೇ ಬೇರೆ. ಅಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿ ಮಕ್ಕಳ ಹಲ್ಲು ಕಂದುಗಟ್ಟಿದ ಹಳ್ಳಿಗಳಿವೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಅಲ್ಲಿ ಶೋಕಿಯಲ್ಲ. ಆದರೆ ಅಲ್ಲಿ ಎರಡನೇ ಬಾಯಿಯಿಂದ ಬರುವ ನೀರು ನಿಜಕ್ಕೂ ಕೆಟ್ಟದ್ದು. ತೆಗೆದ ಫ್ಲೋರೈಡ್ ಅದರಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಘಟಕದ ಹಿಂದಿನ ಚರಂಡಿಯಲ್ಲಿ ಹರಿದು ಅದೇ ನೆಲಕ್ಕೆ ಇಂಗುತ್ತದೆ. ಅವಶ್ಯಕತೆ ಹೆಚ್ಚಿದ್ದಲ್ಲಿ ಎರಡನೇ ಪೈಪು ವಿಷ, ಅವಶ್ಯಕತೆ ಕಡಿಮೆ ಇದ್ದಲ್ಲಿ ಎರಡನೇ ಪೈಪು ಕುಡಿಯುವ ನೀರು. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದು ನಿಯಮ ಮಾಡುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಯೋಚಿಸಿದ್ದು ಕುಡಿಯುವ ಮನುಷ್ಯರ ಬಗ್ಗೆ. ಹವಳ ಯಾರ ತಲೆಯಲ್ಲೂ ಇದ್ದಿರಲಾರದು.

ಯಂತ್ರದ ಅಂಗಡಿಯವರ ಹತ್ತಿರ ಮಾತಾಡಿದಾಗ ಇನ್ನೊಂದು ವಿಷಯ ತಿಳಿಯಿತು. ಒಂದಕ್ಕೆ ಮೂರು ಎಂಬುದು ಪ್ರಕೃತಿ ನಿಯಮ ಏನಲ್ಲ. ಗಡಸು ನೀರಿನಲ್ಲಿ ಪೊರೆಯ ಮೇಲೆ ಸುಣ್ಣ ಕಟ್ಟದಿರಲೆಂದು ಅಷ್ಟು ನೀರಿನಿಂದ ತೊಳೆಯುತ್ತಾರೆ. ಎರಡನೇ ಪೈಪಿನಲ್ಲಿ ಹರಿವು ತಡೆಯುವ ಒಂದು ಸಣ್ಣ ಬಿಡಿಭಾಗ ಇದೆ. ಮೆದು ನೀರಿಗೆ ಅದನ್ನು ಬದಲಿಸಿ ಒಂದಕ್ಕೆ ಒಂದಕ್ಕೆ ಇಳಿಸಬಹುದು. ಬಯಲುಸೀಮೆಯ ನೀರಿಗೆ ಹೊಲಿದ ಅಂಗಿಯನ್ನು ಮಲೆನಾಡಿನ ನೀರಿಗೆ ತೊಡಿಸಿ ಮಾರುತ್ತಿದ್ದಾರೆ ಅಷ್ಟೆ. ಇದನ್ನು ಕೇಳಿ ನನಗೆ ಸಮಾಧಾನಕ್ಕಿಂತ ಸಿಟ್ಟು ಜಾಸ್ತಿ ಬಂತು.

ನಾನು ಸೂಚಿಸಿದ್ದು ಬೇರೆ ದಾರಿ: ಮಳೆ ನೀರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಸೀಮೆ ಇದು. ಮಳೆ ಎಂದರೆ ಸೂರ್ಯ ಆಗಲೇ ಭಟ್ಟಿ ಇಳಿಸಿಕೊಟ್ಟ ನೀರು. ಹತ್ತು ಚದರ ಮೀಟರ್ ಮಾಡಿನ ಮೇಲೆ 220 ಮಿಲಿಮೀಟರ್ ಬಿದ್ದರೆ ತೊಟ್ಟಿಯ ಇಡೀ ವರ್ಷದ ನೀರಾಯಿತು. ಆಷಾಢದ ಜೋರು ಮಳೆಯ ನಾಲ್ಕೈದು ದಿನ ಸಾಕು. ಎರಡು ದೊಡ್ಡ ಸಿಂಟೆಕ್ಸ್ ತುಂಬಿಸಿಟ್ಟು, ಆರ್‌ಒ ಇಲ್ಲದೆ ಬರೀ ಡಿಐ ರೆಸಿನ್ನಿನಲ್ಲಿ ಹಾಯಿಸಿದರೆ ಒಂದು ತೊಟ್ಟು ನೀರೂ ಪೋಲಾಗುವುದಿಲ್ಲ. ಎರಡನೇ ಬಾಯಿಯೇ ಇಲ್ಲದ ಶುದ್ಧಿ ಎಂದು ಖುಷಿಯಾಯಿತು.

ಅಣ್ಣ ಎಂಜಿನಿಯರ್, ಅವನ ಪ್ರಶ್ನೆ ನೇರ. "ರೆಸಿನ್ ಹಿಡಿದುಕೊಂಡಿದ್ದು ಎಲ್ಲಿಗೆ ಹೋಗುತ್ತೆ?" ರೆಸಿನ್ ಎಂದರೆ ಸಾಬಕ್ಕಿಯಂಥ ಸಣ್ಣ ಪ್ಲಾಸ್ಟಿಕ್ ಮಣಿಗಳು. ನೀರಿನ ಲವಣವನ್ನು ತಾವು ಹಿಡಿದು, ಬದಲಿಗೆ ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಬಿಡುತ್ತವೆ. ತುಂಬಿದ ಮೇಲೆ ಒಂದೋ ಎಸೆಯಬೇಕು, ಇಲ್ಲವೇ ಆಮ್ಲ ಮತ್ತು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ಬಳಸಬೇಕು. ತೊಳೆದ ನೀರು ಯಾವುದೋ ಕೈಗಾರಿಕಾ ಪ್ರದೇಶದಲ್ಲಿ ಯಾರದೋ ಚರಂಡಿಗೆ. ಮೊದಲ ಸಲದ ಮಣಿಗಳನ್ನು ಮಾಡಿದ ಕಾರ್ಖಾನೆಗೂ ಅದರದೇ ಚರಂಡಿ ಇದೆ. ಎರಡನೇ ಬಾಯಿ ಇಲ್ಲದ್ದಲ್ಲ, ಅದು ಊರಿನಿಂದ ಆಚೆ ಇದೆ. ಅಂಗಳದಲ್ಲಿ ಹರಿಯುವ ಪೋಲಿಗೆ ದೊಡ್ಡಮ್ಮ ಕೊಡಪಾನ ಇಡಬಲ್ಲರು. ಕಾಣದ ಪೋಲಿಗೆ ಕೊಡಪಾನ ಇಡುವವರು ಯಾರು?

ಈ ಮಾತು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಬೆಳಕು ಹೋದದ್ದು ಎಲ್ಲೆಲ್ಲಿಗೋ, ಹಿನ್ನೀರು ನಿಂತದ್ದು ಇಲ್ಲಿ. ಈ ಕಡೆ ಮುಳುಗಡೆಯ ನೆಂಟರಿಲ್ಲದ ಮನೆ ಕಡಿಮೆ. ದೂರದ ಊರಿನಲ್ಲಿ ಸ್ವಿಚ್ಚು ಒತ್ತಿದವರಿಗೆ ದೀಪ ಕಂಡಿತು, ಗದ್ದೆ ಬಿಟ್ಟು ಗಾಡಿ ಹತ್ತಿದವರು ಕಾಣಲಿಲ್ಲ. ಅವರು ಕೆಟ್ಟವರಾಗಿದ್ದರಿಂದಲ್ಲ, ತಂತಿ ಅಷ್ಟು ಉದ್ದವಿದ್ದುದರಿಂದ. 2019ರ ಜುಲೈನಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ ಇಡೀ ಜಿಲ್ಲೆ ಬಂದ್ ಆಗಿತ್ತು. ಆಗ ನಾವು ಕೇಳಿದ್ದು ಇದೇ ಪ್ರಶ್ನೆ: ನಿಮ್ಮ ಅನುಕೂಲದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ನೋಡಿದ್ದೀರಾ? ಅದನ್ನು ಕೇಳಿದ ಊರಿನಲ್ಲೇ ಕೂತು, ತನ್ನ ಪೈಪಿನ ಇನ್ನೊಂದು ತುದಿ ಕಾಣದಿದ್ದರೆ ಒಳ್ಳೆಯದು ಎನ್ನುವುದು ನನಗೆ ಸರಿ ಕಾಣಲಿಲ್ಲ. ಹಾಗಾಗಿ ಕಣ್ಣೆದುರಿನ ಪೋಲು ಇರುವ ಯಂತ್ರವೇ ವಾಸಿ ಎಂಬ ಕಡೆಗೆ ಮನಸ್ಸು ವಾಲಿತು. ಮಳೆ ನೀರಿನ ಆಸೆಗೆ ಇನ್ನೊಂದು ಅಡ್ಡಿಯೂ ಇತ್ತು. ತೋಟದ ಪಕ್ಕದ ಮನೆಯ ಮಾಡಿನ ಮೇಲೆ ಮಳೆ ಮಾತ್ರ ಬೀಳುವುದಿಲ್ಲ, ಗಾಳಿಗೆ ಹಾರಿ ಬಂದ ಬೋರ್ಡೋ ಹನಿಯೂ ಬೀಳುತ್ತದೆ.

ದೊಡ್ಡಪ್ಪ ಕೇಳುವುದು ಬೇರೆ. "ಸಮುದ್ರದ್ದು ಸಮುದ್ರದಲ್ಲೇ ಇದ್ದಿದ್ರೆ ಇದ್ಯಾವ ತಲೆಬಿಸಿಯೂ ಇರ್ತಿರ್ಲಿಲ್ಲ." ಒಪ್ಪಬೇಕಾದ ಮಾತೇ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಸೊನ್ನೆ ಟಿಡಿಎಸ್ಸನ್ನು ಯಾರೂ ಅದಕ್ಕೆ ಮಾಡಿಕೊಡುತ್ತಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳವನ್ನು ವನ್ಯಜೀವಿ ಕಾಯ್ದೆ ಹುಲಿಯ ಜೊತೆ ಮೊದಲ ಪರಿಶಿಷ್ಟದಲ್ಲೇ ಇಟ್ಟಿದೆ. ಅಣ್ಣ ಮೆದು ಹವಳಕ್ಕೇ ನಿಂತಿರುವುದು ಅದಕ್ಕಾಗಿ. ಆದರೆ ಪೋಲಿನ ವಿಚಾರಕ್ಕೆ ಬಂದರೆ ದೊಡ್ಡಪ್ಪನ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪಲಾರೆ. ಹನಿ ನೀರಾವರಿಯಲ್ಲೂ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ತೊಟ್ಟಿಯ ಒಂದು ವರ್ಷದ ಪೋಲನ್ನು ಒಂದು ಎಕರೆ ತೋಟ ಒಂದೇ ದಿನದಲ್ಲಿ ಕುಡಿದು ಮುಗಿಸುತ್ತದೆ. ಅಡಿಕೆಯೂ ಹೊಟ್ಟೆಗೆ ತಿನ್ನುವ ಬೆಳೆಯಲ್ಲ. ಹಣ ತರುವ ನೀರನ್ನು ಬಳಕೆ ಎಂದೂ ಹಣ ತರದ ನೀರನ್ನು ಪೋಲು ಎಂದೂ ಕರೆಯುವುದಾದರೆ, ಚೀಟಿ ಅಂಟಿಸಿದವರು ಯಾರೆಂದು ಕೇಳಬೇಕಾಗುತ್ತದೆ.

ಕೊನೆಗೆ ಕೊಂಡದ್ದು ಆರ್‌ಒ ಮತ್ತು ಡಿಐ ಎರಡೂ ಇರುವ ಸಾಧಾರಣ ಯಂತ್ರ, ಹರಿವು ತಡೆಯುವ ಭಾಗ ಬದಲಿಸಿ ಒಂದಕ್ಕೆ ಒಂದರ ಲೆಕ್ಕಕ್ಕೆ ತಂದು. ಆರ್‌ಒ ಮೊದಲೇ ಬಹುಪಾಲು ತೆಗೆದುಬಿಡುವುದರಿಂದ ರೆಸಿನ್ ನಿಧಾನ ತುಂಬುತ್ತದೆ. ಹತ್ತು ಮೀಟರ್ ಎತ್ತರದಿಂದ ಇಳಿವ ನೀರಿಗೆ ಒಂದು ಬಾರ್ ಒತ್ತಡ. ಅಬ್ಬಿ ಇನ್ನೂ ಇಪ್ಪತ್ತು ಮೀಟರ್ ಮೇಲಿದ್ದಿದ್ದರೆ ಪಂಪೂ ಬೇಡವಾಗಿತ್ತು, ಈಗ ಸಣ್ಣದೊಂದು ಬೇಕಾಗಿದೆ. ಎರಡನೇ ಪೈಪು ಬಚ್ಚಲಿನ ಹಂಡೆಗೆ ಹೋಗುತ್ತದೆ. 'ಡ್ರೇನ್' ಚೀಟಿಯನ್ನು ದೊಡ್ಡಮ್ಮ ಕಿತ್ತರೋ ಬಿಸಿನೀರಿನ ಹಬೆಗೆ ತಾನಾಗಿ ಬಿತ್ತೋ, ಈಗ ಇಲ್ಲ.

ಇಷ್ಟೆಲ್ಲ ಆದ ಮೇಲೆ ಜೂನ್‌ನಲ್ಲಿ ಮೊದಲ ಔಷಧಿ ಹೊಡೆಯುವ ದಿನ ಬಂತು. ಅಣ್ಣ ಹಿಂದಿನ ರಾತ್ರಿಯೇ ಯಂತ್ರಕ್ಕೆ ನೀರು ಹೋಗುವ ವಾಲ್ವ್ ಮುಚ್ಚಿ, ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಹತ್ತು ದಿನಕ್ಕಾಗುವಷ್ಟು ಶುದ್ಧ ನೀರು ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದ. ಬೆಳಿಗ್ಗೆ ಕೊನೆಗೌಡರು ಬಂದರು. ಮಧ್ಯಾಹ್ನ ತಿಂಡಿಗೆ ಇಳಿದಾಗ ಅವರ ಅಂಗಿ, ಮುಂಗೈ, ಕಿವಿಯ ಹಿಂದಿನ ಕೂದಲು ಎಲ್ಲ ತಿಳಿನೀಲಿ. ಗಂಗಾಳದಂಥ ಎಲೆಯ ಟೋಪಿಯ ಅಂಚಿನಿಂದ ನೀಲಿ ಹನಿ ತೊಟ್ಟಿಕ್ಕುತ್ತಿತ್ತು. ಹಾಳೆ ಹೊದಿಸಿದ ತೊಟ್ಟಿಯನ್ನು ನೋಡಿ, "ಇದಕ್ಕೆ ಎಂತ ಆಗಿದೆ?" ಎಂದು ಕೇಳಿದರು. ಮೈಲುತುತ್ತ ಸೋಂಕಿದರೆ ಸಾಯ್ತವೆ ಎಂದು ಅಣ್ಣ ಹೇಳಿದ. ಅವರು "ಹೌದಾ?" ಎಂದಷ್ಟೇ ಅಂದು, ಕೈ ತೊಳೆದು, ಊಟಕ್ಕೆ ಕೂತರು. ಅವರ ಧ್ವನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅವರ ಮನೆ ತೋಟದ ಕೆಳಗೆ, ಹಳ್ಳದ ಪಕ್ಕ ಇದೆ. ಅಲ್ಲಿಗೆ ಅಬ್ಬಿಯ ಪೈಪು ಹೋಗುವುದಿಲ್ಲ, ಬಾವಿ ನೀರು ಕುಡಿಯುತ್ತಾರೆ. ಎರಡು ತೋಟದ ಮಳೆನೀರು ಇಂಗುವುದು ಆ ತಗ್ಗಿನಲ್ಲೇ. ತಾಮ್ರವನ್ನು ಮಣ್ಣು ಬಹಳ ಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ನೀರಿಗೆ ಇಳಿಯುವುದು ಸ್ವಲ್ಪವೇ ಇರಬಹುದು, ಮಾನಕದೊಳಗೇ ಇರಬಹುದು. ಆದರೆ ಆ ಬಾವಿಗೆ ಇದುವರೆಗೆ ಮೀಟರ್ ಅದ್ದಿದವರು ಯಾರೂ ಇಲ್ಲ, ತಾಮ್ರ ನೋಡಿದವರಂತೂ ಇಲ್ಲವೇ ಇಲ್ಲ.

ಹವಳಕ್ಕೆಂದು ತರಿಸಿದ ತಾಮ್ರ ಪರೀಕ್ಷೆಯ ಕಿಟ್ ಅಣ್ಣನ ಕಪಾಟಿನಲ್ಲಿದೆ. ಗಾಜಿನ ಕೊಳವೆಗೆ ನೀರು ಹಾಕಿ, ಹನಿ ಬಿಟ್ಟು, ಬಣ್ಣದ ಪಟ್ಟಿಯ ಜೊತೆ ಹೋಲಿಸುವಂಥದ್ದು. ಕೆಲವು ಹನಿ ಅಬ್ಬಿ ನೀರಿಗೆ, ತೊಟ್ಟಿಯ ನೀರಿಗೆ ಖರ್ಚಾಗಿದೆ. ಇನ್ನು ಹದಿನೆಂಟು ಸಲಕ್ಕೆ ಆಗುತ್ತದಂತೆ. ಎರಡನೇ ಔಷಧಿಗೆ ಇನ್ನು ಎರಡು ವಾರ. ಅದಕ್ಕೆ ಮೊದಲು ಒಮ್ಮೆ, ಹೊಡೆದ ಮೇಲಿನ ಮೊದಲ ಜೋರು ಮಳೆಗೆ ಒಮ್ಮೆ, ಹಳ್ಳದ ಪಕ್ಕದ ಮೂರೂ ಬಾವಿಯಿಂದ ನೀರು ತರಬೇಕು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದ್ದೇವೆ. ಕೊನೆಗೌಡರನ್ನು ಕೇಳಿದ್ದಕ್ಕೆ, "ತಗೊಂಡು ಹೋಗಿ, ಬಾವಿ ಎಂತ ಓಡಿ ಹೋಗೂದಿಲ್ಲ" ಎಂದರು. ಬಣ್ಣ ಬದಲಾದರೆ ಅವರಿಗೆ ಏನು ಹೇಳುವುದು ಎಂದು ನಾವಿಬ್ಬರೂ ಇನ್ನೂ ಮಾತಾಡಿಲ್ಲ.